ಅರ್ಜಿಯ ಜೊತೆ ಒಂದು ವರ್ಣ

ಸೆಪ್ಟೆಂಬರ್ ಬಂತೆಂದರೆ ಬೆಂಗಳೂರಿನಲ್ಲಿ ಹಾಡು, ನೃತ್ಯ, ಚಿತ್ರ ಹೇಳಿಕೊಡುವ ನಮ್ಮಂಥವರಿಗೆ ಒಂದು ಹೊಸ ಬಗೆಯ ಕೆಲಸ ಶುರುವಾಗುತ್ತದೆ. ಹನ್ನೆರಡನೇ ಕ್ಲಾಸಿನ ಮಕ್ಕಳು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಅರ್ಜಿ ತುಂಬುವ ಹೊತ್ತು ಅದು. ಅಂಕಪಟ್ಟಿ, ಪ್ರಬಂಧ, ಶಿಕ್ಷಕರ ಪತ್ರ ಎಲ್ಲ ಆದ ಮೇಲೆ ಕೊನೆಯಲ್ಲಿ ಇನ್ನೊಂದು ಜಾಗ ಇರುತ್ತದೆ. ಕಲೆಯಲ್ಲಿ ತೊಡಗಿಕೊಂಡಿದ್ದರೆ, ಇಷ್ಟವಿದ್ದರೆ, ನಿಮ್ಮ ಕೆಲಸವನ್ನು ಪೋರ್ಟ್‌ಫೋಲಿಯೊ ಮಾಡಿ ಕಳುಹಿಸಬಹುದು ಎಂದು ಅಲ್ಲಿ ಹೇಳಿರುತ್ತಾರೆ. ಕಳುಹಿಸದಿದ್ದರೂ ಅರ್ಜಿಗೆ ಏನೂ ಕಡಿಮೆಯಾಗುವುದಿಲ್ಲ.

ನಾನು ಬಸವನಗುಡಿಯಲ್ಲಿ ಮನೆಯಲ್ಲೇ ಕರ್ನಾಟಕ ಸಂಗೀತ ಹೇಳಿಕೊಡುತ್ತೇನೆ. ಹಾಡುಗಾರಿಕೆ. ಈ ಜಾಗದಲ್ಲಿ ಏನು ಹಾಕಬೇಕು, ಹಾಕಬೇಕೋ ಬೇಡವೋ ಎಂದು ಕೇಳುವ ಮಕ್ಕಳು ಈಗೀಗ ಜಾಸ್ತಿ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವುದನ್ನು ಒಂದೇ ಕಡೆ ಬರೆದಿಡೋಣ ಅನ್ನಿಸಿತು. ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮಗು ಸಂಗೀತದಲ್ಲಿ ಈಗ ಯಾವ ಹಂತದಲ್ಲಿದೆಯೋ ಅದನ್ನೇ ಕಳುಹಿಸಿ. ಇನ್ನೂ ತಲುಪದ ಹಂತವನ್ನು ತಲುಪಿದಂತೆ ತೋರಿಸಿ ಕಳುಹಿಸಬೇಡಿ. ಕೇಳುವುದಕ್ಕೆ ಇದು ಸುಲಭ. ಅರ್ಜಿಯ ಗಡಿಬಿಡಿಯಲ್ಲಿ ಪಾಲಿಸುವುದು ಎಷ್ಟು ಕಷ್ಟ ಅನ್ನುವುದನ್ನು ಪ್ರತಿ ವರ್ಷ ನೋಡುತ್ತಿದ್ದೇನೆ.

ಮೊದಲು ವ್ಯವಸ್ಥೆ ಹೇಗಿದೆ ಅಂತ ಸ್ವಲ್ಪ ನೋಡೋಣ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ ಮುಂತಾದ ಕಡೆ ಈ ಅವಕಾಶ ಇದೆ. ಹಲವು ಕಡೆ ಸ್ಲೈಡ್‌ರೂಮ್ ಎಂಬ ತಾಣದಲ್ಲಿ ಹಾಡು, ವಿಡಿಯೊ, ಚಿತ್ರಗಳನ್ನು ಅಪ್‌ಲೋಡ್ ಮಾಡಬೇಕು. ಸಂಗೀತಕ್ಕಾದರೆ ಸಾಮಾನ್ಯವಾಗಿ ಒಂದಕ್ಕೊಂದು ಬೇರೆಯಾಗಿರುವ ಎರಡು ರಚನೆ, ಎಲ್ಲ ಸೇರಿ ಸುಮಾರು 10 ನಿಮಿಷ. ಮುಂದೆ ಸಂಗೀತವನ್ನೇ ಓದಬೇಕು ಎಂದೇನೂ ಇಲ್ಲ. ಕಂಪ್ಯೂಟರ್ ಸೈನ್ಸ್‌ಗೆ ಹೋಗುವವಳೂ ಕಳುಹಿಸಬಹುದು. ಬಂದದ್ದನ್ನು ಆಯಾ ವಿಭಾಗದ ಅಧ್ಯಾಪಕರು ಕೇಳಿ, ನೋಡಿ, ತಮ್ಮ ಅಭಿಪ್ರಾಯವನ್ನು ಅಡ್ಮಿಷನ್ ಆಫೀಸಿಗೆ ತಿಳಿಸುತ್ತಾರೆ. ಬಂದದ್ದೆಲ್ಲವನ್ನೂ ನೋಡಿಯೇ ನೋಡುತ್ತೇವೆ ಎಂಬ ಖಾತ್ರಿ ಎಲ್ಲ ಕಡೆ ಇರುವುದಿಲ್ಲ. ಕೆಲವು ಕಡೆ ಇದರ ಗಡುವು ಮುಖ್ಯ ಅರ್ಜಿಗಿಂತ ವಾರಗಟ್ಟಲೆ ಮೊದಲೇ ಮುಗಿದುಹೋಗುತ್ತದೆ. ಇದನ್ನು ಗಮನಿಸದೆ ನಿರಾಶೆಯಾದ ಮನೆಗಳಿವೆ. ಆದ್ದರಿಂದ ಅರ್ಜಿ ಹಾಕುವ ಪ್ರತಿಯೊಂದು ಕಡೆಯ ನಿಯಮವನ್ನೂ ಆ ವರ್ಷವೇ ಓದಿ.

ಇನ್ನು ಕಲೆಗೇ ಮೀಸಲಾದ ಸಂಸ್ಥೆಗಳ ಲೆಕ್ಕ ಬೇರೆ. ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್‌ನಲ್ಲಿ 12ರಿಂದ 20 ಕೃತಿಗಳ ಪೋರ್ಟ್‌ಫೋಲಿಯೊ ಕಡ್ಡಾಯ. ಜೂಲಿಯಾರ್ಡ್‌ನಂಥ ಸಂಗೀತ ಶಾಲೆಗಳಲ್ಲಿ ಹಾಡಿ, ನುಡಿಸಿ ತೋರಿಸದೆ ಪ್ರವೇಶವೇ ಇಲ್ಲ. ಬ್ರಿಟನ್ ಕಡೆ ಹೋಗುವವರು ಈ ವಿಷಯಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಆಕ್ಸ್‌ಫರ್ಡ್, ಕೇಂಬ್ರಿಜ್‌ನವರು ಓದಲು ಹೊರಟ ವಿಷಯದಲ್ಲಿ ಎಷ್ಟು ಗಟ್ಟಿ ಅಂತ ನೋಡುತ್ತಾರೆ. ಗಣಿತಕ್ಕೆ ಹೋಗುವವಳ ಹಾಡು ಅಲ್ಲಿ ಹೆಚ್ಚು ತೂಗುವುದಿಲ್ಲ.

ಹಾಗಾದರೆ ಕಳುಹಿಸುವುದು ಯಾಕೆ? ಅಮೆರಿಕದ ಬಹಳಷ್ಟು ಅರ್ಜಿಗಳು ಹೋಗುವುದು ಕಾಮನ್ ಆ್ಯಪ್ ಎಂಬ, ಹಲವು ವಿಶ್ವವಿದ್ಯಾಲಯಗಳಿಗೆ ಒಂದೇ ಆಗಿರುವ ಅರ್ಜಿಯ ಮೂಲಕ. ಅದರಲ್ಲಿ ಪಾಠದಾಚೆಯ ಚಟುವಟಿಕೆಗಳಿಗೆ 10 ಸಾಲು ಕೊಡುತ್ತಾರೆ. ಒಂದೊಂದರ ವಿವರಣೆಗೆ 150 ಅಕ್ಷರ. ಆರನೇ ವಯಸ್ಸಿನಿಂದ ಕಲಿತ ಸಂಗೀತ ಆ 150 ಅಕ್ಷರದಲ್ಲಿ ಹೇಗೆ ಹಿಡಿಸೀತು? ‘ಕರ್ನಾಟಕ ಸಂಗೀತ, ಸೀನಿಯರ್ ಪರೀಕ್ಷೆ ಪಾಸು, ಮೊದಲ ದರ್ಜೆ’ ಎಂದು ಬರೆಯಬಹುದು. ಓದುವವರಿಗೆ ಅದರಿಂದ ಏನೂ ಕೇಳಿಸುವುದಿಲ್ಲ. ಹತ್ತು ನಿಮಿಷದ ಧ್ವನಿಯಿಂದ ಕೇಳಿಸುತ್ತದೆ. ನನಗೆ ಈ ಅವಕಾಶದ ಮೇಲೆ ಗೌರವ ಇರುವುದು ಈ ಕಾರಣಕ್ಕೆ.

ಆ ಗೌರವ ನಮ್ಮ ಊರಿನ ಪರಿಸ್ಥಿತಿ ನೋಡಿದಾಗ ಇನ್ನೂ ಹೆಚ್ಚುತ್ತದೆ. ಬೆಂಗಳೂರಿನಲ್ಲಿ ಸಂಗೀತ ಕಲಿಯುವ ಮಕ್ಕಳಿಗೇನೂ ಬರವಿಲ್ಲ. ಜಯನಗರ, ಮಲ್ಲೇಶ್ವರ, ರಾಜಾಜಿನಗರ, ಯಾವ ಬಡಾವಣೆಗೆ ಹೋದರೂ ಸಂಜೆ ಹೊತ್ತು ಯಾವುದಾದರೂ ಮನೆಯಿಂದ ಸಂಗೀತದ ಮೊದಲ ಪಾಠವಾದ ಸರಳೆ ವರಸೆ ಕೇಳಿಸುತ್ತದೆ. ಆದರೆ ಒಂಬತ್ತನೇ ಕ್ಲಾಸು ಮುಗಿಯುತ್ತಿದ್ದಂತೆ ಒಂದೊಂದೇ ಮಗು ಕಾಣೆಯಾಗುತ್ತದೆ. ಎಸ್‌ಎಸ್‌ಎಲ್‌ಸಿ ಬಂತು, ಆಮೇಲೆ ಪಿಯುಸಿ, ಜೊತೆಗೆ ಕೋಚಿಂಗ್. ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಮಗು ಹಾಡುತ್ತದೋ ಇಲ್ಲವೋ ಎಂದು ಆ ಲೆಕ್ಕದಲ್ಲಿ ಯಾರೂ ಕೇಳುವುದಿಲ್ಲ. ಅಪ್ಪ ಅಮ್ಮಂದಿರನ್ನು ನಾನು ದೂರುವುದಿಲ್ಲ. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಧ್ವನಿ ಗಟ್ಟಿಯಾಗುತ್ತಾ, ರಾಗ ಒಳಗಿಳಿಯುತ್ತಾ ಇರುವ ವಯಸ್ಸಿನಲ್ಲೇ ಪಾಠ ನಿಂತುಬಿಡುತ್ತದೆ. ಅದನ್ನು ನೋಡುವಾಗ ಸಂಕಟವಾಗುತ್ತದೆ.

ಇತ್ತೀಚೆಗೆ ನಮ್ಮ ದೇಶದಲ್ಲೂ ಒಂದು ಬಾಗಿಲು ಸ್ವಲ್ಪ ತೆರೆದಿದೆ. ಐಐಟಿ ಮದ್ರಾಸ್ 2025ರ ಪ್ರವೇಶದಿಂದ ಲಲಿತಕಲೆ ಮತ್ತು ಸಂಸ್ಕೃತಿಯಲ್ಲಿ ಸಾಧನೆ ಮಾಡಿದವರಿಗೆ ಬಿ.ಟೆಕ್. ಮತ್ತು ಬಿ.ಎಸ್.ನ ಪ್ರತಿ ಕೋರ್ಸಿನಲ್ಲೂ 2 ಹೆಚ್ಚುವರಿ ಸೀಟು ಇಟ್ಟಿದೆ. ಅದರಲ್ಲಿ ಒಂದು ಹೆಣ್ಣುಮಕ್ಕಳಿಗೆ. ಜೆಇಇ ಅಡ್ವಾನ್ಸ್ಡ್ ಪಾಸಾಗಿರಲೇಬೇಕು. ಅದರ ಮೇಲೆ ರಾಷ್ಟ್ರಮಟ್ಟದ ವಿದ್ಯಾರ್ಥಿವೇತನ, ಪ್ರಶಸ್ತಿ, ಆಕಾಶವಾಣಿಯ ಗ್ರೇಡ್, ಇಂಥವುಗಳ ಲೆಕ್ಕ. ನನಗೆ ಇದು ತುಂಬಾ ಸಂತೋಷ ಕೊಟ್ಟ ಸುದ್ದಿ. ಆದರೂ ಅಲ್ಲಿ ನೋಡುವುದು ಪ್ರಮಾಣಪತ್ರವನ್ನು. ಅಮೆರಿಕದ ಪೋರ್ಟ್‌ಫೋಲಿಯೊದಲ್ಲಿ ಕೇಳುವುದು ಹಾಡನ್ನೇ.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ.

ನಮ್ಮ ಪಾಠದ ಕ್ರಮ ಕಲಿತವರಿಗೆಲ್ಲ ಗೊತ್ತು. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಜಂಟಿ ವರಸೆ, ಅಲಂಕಾರ. ಆಮೇಲೆ ಗೀತೆ, ಸ್ವರಜತಿ, ಒಂದು ರಾಗದ ನಡಿಗೆಯನ್ನೆಲ್ಲ ಸ್ವರ, ಸಾಹಿತ್ಯದಲ್ಲಿ ಕಟ್ಟಿಕೊಡುವ ವರ್ಣ, ಕೊನೆಗೆ ಕೃತಿ. ಈ ದಾರಿ ಹಾಕಿಕೊಟ್ಟವರು ಪುರಂದರದಾಸರು ಎಂದು ನಾವು ನಂಬಿಕೊಂಡು ಬಂದಿದ್ದೇವೆ. ಇದೆಲ್ಲ ಕಲ್ಪಿತ ಸಂಗೀತ. ಯಾರೋ ರಚಿಸಿದ್ದನ್ನು ಗುರುವಿನ ಬಾಯಿಂದ ಕೇಳಿ, ಹಾಗೆಯೇ ಹಾಡುವುದು. ಮನೋಧರ್ಮ, ಅಂದರೆ ಹಾಡುವಾಗಲೇ ಹೊಳೆಸಿಕೊಂಡು ಹಾಡುವುದು, ಬರುವುದು ಇದಾದ ಮೇಲೆ. ಸಾಹಿತ್ಯವಿಲ್ಲದೆ ರಾಗವನ್ನು ಬಿಡಿಸುವ ರಾಗಾಲಾಪನೆ, ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ನೆರವಲ್, ಸ ರಿ ಗ ಮ ಸ್ವರಗಳನ್ನೇ ಹೆಣೆದು ಹಾಡುವ ಕಲ್ಪನಾಸ್ವರ ಎಲ್ಲ ಆ ಕಡೆಯವು. ಅಲ್ಲಿ ಹಾಡುವವರದೇ ಸ್ವಂತ ಮಾತು. ಅದಕ್ಕೆ ವರ್ಷಗಳು ಬೇಕು. ಕೃತಿಗಳನ್ನು ಹಾಡಿ ಹಾಡಿ ರಾಗದ ನಡಿಗೆ ಮೈಗೆ ಹತ್ತಬೇಕು.

ಪೋರ್ಟ್‌ಫೋಲಿಯೊ ವಿಷಯದಲ್ಲಿ, ಅರ್ಜಿಗೆ ಸಲಹೆ ಕೊಡುವ ಕೌನ್ಸೆಲರ್‌ಗಳು ಹೇಳುವುದು ಒಂದೇ ಮಾತು. ಮಗುವಿನ ಸೃಜನಶೀಲತೆ ಕಾಣಬೇಕು, ಸ್ವಂತಿಕೆ ಕಾಣಬೇಕು, ಆದ್ದರಿಂದ ಆಲಾಪನೆ ಹಾಡಿಸಿ. ಈ ಮಾತು ಅರ್ಧ ನಿಜವಾದ್ದರಿಂದಲೇ ಅಪಾಯ. ಆಲಾಪನೆಯಲ್ಲಿ ಸ್ವಂತಿಕೆ ಇದೆ, ಯಾರ ಆಲಾಪನೆಯಲ್ಲಿ ಅನ್ನುವುದು ಪ್ರಶ್ನೆ. ಹದಿನೇಳು ವಯಸ್ಸಿನ, ಮನೋಧರ್ಮಕ್ಕೆ ಈಗಷ್ಟೇ ಕಾಲಿಟ್ಟ ಮಗು ಏನು ಮಾಡುತ್ತದೆ? ಯಾವುದೋ ದೊಡ್ಡ ವಿದ್ವಾಂಸರ ರೆಕಾರ್ಡಿಂಗ್ ಹಾಕಿಕೊಂಡು, ರಾಗದ ಒಂದೊಂದು ಸಂಚಾರವನ್ನೂ, ಸ್ವರದ ಓಡಾಟವನ್ನೂ ಬಾಯಿಪಾಠ ಮಾಡಿ, ಅದನ್ನೇ ತನ್ನದೆಂದು ಹಾಡುತ್ತದೆ.

ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ಹೀಗೆ ಕಲ್ಯಾಣಿ ರಾಗದ ಆಲಾಪನೆ ತಯಾರು ಮಾಡಿಕೊಂಡು ಬಂದ. ಒಳ್ಳೆಯ ಕಂಠ. ಶ್ರುತಿ ಬಿಡುವುದಿಲ್ಲ. ಕೇಳುತ್ತಾ ಹೋದಂತೆ ಮೂಲ ಯಾರದೆಂದು ನನಗೆ ಗೊತ್ತಾಗಿಬಿಟ್ಟಿತು. ಉಸಿರು ತೆಗೆದುಕೊಳ್ಳುವ ಜಾಗ ಕೂಡ ಅದೇ. ಆ ಹೊತ್ತಿಗೆ ಅವನು ನನ್ನ ಹತ್ತಿರ ಭೈರವಿ ರಾಗದ ಅಟತಾಳ ವರ್ಣವನ್ನು ಎರಡು ಕಾಲದಲ್ಲಿ, ಅಂದರೆ ಎರಡು ವೇಗದಲ್ಲಿ ಹಾಡುತ್ತಿದ್ದ. ನಿಜವಾಗಿ ಹೇಳುತ್ತೇನೆ, ಅದನ್ನು ಅವನು ಹಾಡುವಾಗ ಪಾಠ ಹೇಳುವ ನನಗೇ ಕೈ ತಾಳ ಹಾಕುವುದನ್ನು ಮರೆತು ಸುಮ್ನೆ ಕೇಳಬೇಕು ಅನ್ನಿಸುತ್ತಿತ್ತು.

“ಈ ವರ್ಣವನ್ನೇ ಕಳುಹಿಸೋ” ಅಂದೆ.

“ಮಿಸ್, ವರ್ಣ ಅಂದ್ರೆ ಪ್ರಾಕ್ಟೀಸ್‌ಗೆ ಅಲ್ವಾ? ಅದನ್ನ ಕಳಿಸಿದ್ರೆ ಏನೂ ಗೊತ್ತಿಲ್ಲ ಅಂದ್ಕೊಳ್ತಾರೆ.”

“ದೊಡ್ಡವರ ಕಛೇರಿ ಎಲ್ಲಿಂದ ಶುರುವಾಗುತ್ತೆ ಹೇಳು?”

ವರ್ಣದಿಂದಲೇ ಎಂದು ಅವನಿಗೂ ಗೊತ್ತು. ಸ್ವಲ್ಪ ಹೊತ್ತು ಯೋಚಿಸಿದ. ಒಂದೇ ಸಲಕ್ಕೆ ಒಪ್ಪಲಿಲ್ಲ. ಮನೆಯಲ್ಲಿ ಚರ್ಚೆಯಾಯಿತು. ಅವರ ತಂದೆ ನನಗೆ ಫೋನ್ ಮಾಡಿ, “ಮೇಡಂ, ಅಲ್ಲಿರುವವರಿಗೆ ವರ್ಣ, ಆಲಾಪನೆ ವ್ಯತ್ಯಾಸ ಗೊತ್ತಾಗುತ್ತಾ?” ಎಂದು ಕೇಳಿದರು.

ಇದು ನ್ಯಾಯವಾದ ಪ್ರಶ್ನೆ. ಉತ್ತರ ಎರಡು ಥರ ಇದೆ. ಮೊದಲನೆಯದು, ಗೊತ್ತಿರುವವರು ಇರಬಹುದು. ಅಮೆರಿಕಕ್ಕೆ ನಮ್ಮ ಸಂಗೀತ ಹೊಸತೇನಲ್ಲ. ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ 1960ರ ದಶಕದಿಂದಲೂ ಕರ್ನಾಟಕ ಸಂಗೀತ ಕಲಿಸುತ್ತಿದ್ದಾರೆ. ಮೃದಂಗದ ಟಿ. ರಂಗನಾಥನ್, ಅವರ ಸಹೋದರ ಕೊಳಲಿನ ಟಿ. ವಿಶ್ವನಾಥನ್ ಇಬ್ಬರೂ ಅಲ್ಲಿ ಪಾಠ ಹೇಳಿದವರು. ಹಿಗ್ಗಿನ್ಸ್ ಭಾಗವತರ್ ಎಂದು ನಮ್ಮವರು ಪ್ರೀತಿಯಿಂದ ಕರೆದ ಜಾನ್ ಹಿಗ್ಗಿನ್ಸ್ ಅಲ್ಲೇ ಕಲಿಯಲು ಶುರು ಮಾಡಿದ್ದು. ಕ್ಲೀವ್‌ಲ್ಯಾಂಡ್‌ನಲ್ಲಿ 1978ರಿಂದ ತ್ಯಾಗರಾಜ ಆರಾಧನೆ ನಡೆಯುತ್ತಿದೆ. ಎರಡನೆಯದು ಇನ್ನೂ ಮುಖ್ಯ. ರಾಗದ ಹೆಸರು ಗೊತ್ತಿಲ್ಲದ ಸಂಗೀತಗಾರ ಕೂಡ ಹಾಡುವವರು ತಮ್ಮ ನೆಲದ ಮೇಲೆ ನಿಂತಿದ್ದಾರೋ, ಬೇರೆಯವರ ನೆಲದ ಮೇಲೆ ನಿಂತಿದ್ದಾರೋ ಎಂದು ಗುರುತಿಸುತ್ತಾನೆ. ಪಿಯಾನೊ ಕಲಿಸುವವರಿಗೂ ಅದು ಗೊತ್ತು, ವೀಣೆ ಕಲಿಸುವವರಿಗೂ ಗೊತ್ತು. ಅಟತಾಳದ 14 ಅಕ್ಷರದ, ಅಂದರೆ 14 ಎಣಿಕೆಯ ಒಂದು ಸುತ್ತಿನ ಆವರ್ತವನ್ನು ಕೈಯಲ್ಲಿ ಹಿಡಿದುಕೊಂಡು, ಮೊದಲ ಕಾಲದಲ್ಲಿ ನಿಧಾನವಾಗಿ ಸ್ವರಗಳನ್ನು ತೂಗಿಸುವ ಗಮಕ ತುಂಬಿ ಹಾಡಿ, ಅದನ್ನೇ ಎರಡನೇ ಕಾಲದಲ್ಲಿ ಒಂದು ಸ್ವರವೂ ಮಸುಕಾಗದಂತೆ ಹಾಡುವುದು ಎಂಥ ಶಿಸ್ತು ಅಂತ ಯಾವ ದೇಶದ ಸಂಗೀತದ ಮೇಷ್ಟರಿಗಾದರೂ ತಿಳಿಯುತ್ತದೆ.

ಕೊನೆಗೆ ಅವನು ವರ್ಣವನ್ನೇ ಕಳುಹಿಸಿದ. ಸಮಯ ಮಿತಿಗೆ ಹೊಂದಿಸಲು ವರ್ಣದ ಮೊದಲ ಭಾಗವಾದ ಪೂರ್ವಾಂಗದವರೆಗೆ, ಅಂದರೆ ಮುಕ್ತಾಯಿ ಸ್ವರದವರೆಗೆ ಮಾತ್ರ. ಜೊತೆಗೆ ಒಂದು ಸಣ್ಣ ಕೃತಿ, ಅದರ ಪಲ್ಲವಿಗೆ ಅವನೇ ಹಾಕಿದ ಕೆಲವು ಆವರ್ತ ಸ್ವರ. ಆ ಸ್ವರಗಳು ಸರಳವಾಗಿದ್ದವು. ಅವನವೇ ಆಗಿದ್ದವು. ಒಂದು ಕಡೆ ಸೀಟು ಸಿಕ್ಕಿತು, ಹಲವು ಕಡೆ ಸಿಗಲಿಲ್ಲ. ವರ್ಣದಿಂದ ಸಿಕ್ಕಿತೋ, ಗಣಿತದಿಂದ ಸಿಕ್ಕಿತೋ ಅಂತ ಯಾರೂ ಹೇಳುವುದಿಲ್ಲ, ಕೇಳುವುದಕ್ಕೂ ಆಗುವುದಿಲ್ಲ.

ಸ್ವರದ ಮಾತು ಬಂದಿದ್ದರಿಂದ ಇನ್ನೊಂದು ವಿಷಯ ಹೇಳಲೇಬೇಕು. ನಮ್ಮಲ್ಲಿ ಕಲ್ಪನಾಸ್ವರ ಕಲಿಸುವಾಗ ಮೊದಮೊದಲು ಗುರುಗಳು ತಾವೇ ಸ್ವರ ಬರೆದುಕೊಡುತ್ತಾರೆ. ಮಗು ಅದನ್ನು ಬಾಯಿಪಾಠ ಮಾಡಿ ಹಾಡುತ್ತದೆ. ಇದು ಒಳ್ಳೆಯ ಕ್ರಮವೇ. ಎಡುಪಿಗೆ, ಅಂದರೆ ತಾಳದಲ್ಲಿ ಸಾಲು ಶುರುವಾಗುವ ಜಾಗಕ್ಕೆ, ಸರಿಯಾಗಿ ಬಂದು ಮುಟ್ಟುವುದು ಹೇಗೆಂದು ಮಗುವಿಗೆ ತಿಳಿಯುವುದು ಹೀಗೆಯೇ. ಸ್ಪರ್ಧೆಗಳಲ್ಲೂ ಇದು ನಡೆಯುತ್ತದೆ, ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಅಮೆರಿಕದ ಅರ್ಜಿಯಲ್ಲಿ ಇದೆಲ್ಲ ನನ್ನ ಸ್ವಂತ ಕೆಲಸ ಎಂದು ಮಗು ಒಪ್ಪಿಗೆ ಕೊಡಬೇಕು. ಗುರು ಬರೆದುಕೊಟ್ಟ ಸ್ವರವನ್ನು ಹಾಡಿ, ಆ ಕ್ಷಣದಲ್ಲಿ ಹೊಳೆದದ್ದು ಎಂದು ವಿವರಣೆಯಲ್ಲಿ ಬರೆದರೆ ಅದು ಸುಳ್ಳು. ಹದಿನೇಳು ವಯಸ್ಸಿನ ಮಗುವಿನ ಕೈಯಲ್ಲಿ, ಸಂಗೀತದ ಹೆಸರಿನಲ್ಲಿ, ಅಂಥ ಸುಳ್ಳು ಬರೆಸಲು ನಾನು ಒಪ್ಪುವುದಿಲ್ಲ.

ಇದಕ್ಕೆ ದಾರಿಯೂ ಅಲ್ಲೇ ಇದೆ. ಪ್ರತಿ ವಿಡಿಯೊ ಜೊತೆ ನಾಲ್ಕು ಸಾಲು ಬರೆಯಲು ಜಾಗ ಇರುತ್ತದೆ. ಹೆಚ್ಚಿನವರು ಅಲ್ಲಿ ರಾಗ, ತಾಳ, ವಾಗ್ಗೇಯಕಾರರ ಹೆಸರು ಹಾಕಿ ಬಿಡುತ್ತಾರೆ. ನಾನು ಮಕ್ಕಳಿಗೆ ಹೇಳುವುದು ಇದು: ಯಾವುದು ರಚನೆ, ಯಾವುದು ಗುರು ಕಲಿಸಿದ್ದು, ಯಾವುದು ನೀನು ಹಾಕಿದ್ದು, ಮೂರನ್ನೂ ಬಿಡಿಸಿ ಬರೆ. ‘ಇದು ಸುಮಾರು ಮುನ್ನೂರು ವರ್ಷ ಹಳೆಯದೆಂದು ಹೇಳುವ ರಚನೆ. ಬಾಯಿಂದ ಬಾಯಿಗೆ ಕಲಿತದ್ದು. ನಾಲ್ಕನೇ ನಿಮಿಷದವರೆಗೆ ನಾನು ಏನೂ ಬದಲಿಸಿಲ್ಲ. ಅಲ್ಲಿಂದ ಮುಂದಿನ ಸ್ವರಗಳು ಹಾಡುವಾಗ ನಾನೇ ಹಾಕಿದವು. ಕೊನೆಯ ಮುಕ್ತಾಯ ನನ್ನ ಗುರುಗಳು ಹೇಳಿಕೊಟ್ಟದ್ದು.’ ಹೀಗೆ ಬರೆದರೆ ಎರಡು ಲಾಭ. ನಮ್ಮ ಸಂಗೀತ ಗೊತ್ತಿಲ್ಲದವರಿಗೂ ಎಲ್ಲಿ ಕಿವಿಗೊಡಬೇಕು ಎಂದು ತಿಳಿಯುತ್ತದೆ. ಮಗು ಕೂಡ ತನ್ನ ಸಂಗೀತದಲ್ಲಿ ತನ್ನದೆಷ್ಟು ಎಂದು ಮೊದಲ ಸಲ ಕೂತು ಯೋಚಿಸುತ್ತದೆ. ಇದನ್ನು ಬರೆಯುವಾಗ ಒಬ್ಬ ಹುಡುಗಿ, “ಮಿಸ್, ಬರೆದು ನೋಡಿದ್ರೆ ನಂದು ಬರೀ ಅರ್ಧ ನಿಮಿಷ ಇದೆ” ಅಂದಳು. ಅವಳ ಮುಖದಲ್ಲಿ ಬೇಸರವಿತ್ತು. ನನಗಂತೂ ಆ ಅರ್ಧ ನಿಮಿಷದ ಮೇಲೆ ತುಂಬಾ ಅಭಿಮಾನ. ಅದರ ಮುಂದಿನ ವಾರ ಅವಳು ಪಾಠಕ್ಕೆ ಬಂದಾಗ ಮೋಹನ ರಾಗದಲ್ಲಿ ನಾನು ಕೇಳದೆಯೇ ನಾಲ್ಕು ಆವರ್ತ ಸ್ವರ ಹಾಕಿದಳು.

ರೆಕಾರ್ಡಿಂಗ್ ಬಗ್ಗೆ. ಗಡುವುಗಳಲ್ಲಿ ತುಂಬಾ ಕಡೆ ಕಾಣುವುದು ನವೆಂಬರ್ 1. ಅದಕ್ಕೆ ಹಿಂದಿನ ಎರಡು ತಿಂಗಳು ಬೆಂಗಳೂರಿನಲ್ಲಿ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಗಣೇಶನ ಪೆಂಡಾಲು ಒಂದೊಂದು ಬೀದಿಯಲ್ಲಿ ಒಂದೊಂದು ವಾರ. ಆರ್ಕೆಸ್ಟ್ರಾ, ಮೆರವಣಿಗೆ, ತಮಟೆ. ಆಮೇಲೆ ದಸರಾ, ದೀಪಾವಳಿಯ ಪಟಾಕಿ, ರಾಜ್ಯೋತ್ಸವದ ಮೈಕ್. ಇವು ಯಾವುದೂ ಇಲ್ಲದ ದಿನ ಪಕ್ಕದ ಸೈಟಿನಲ್ಲಿ ಹಳೇ ಮನೆ ಒಡೆಯುತ್ತಿರುತ್ತಾರೆ. ಹಾಗಾಗಿ ನಾವು ಬೆಳಿಗ್ಗೆ ಬೇಗ, ಹಾಲಿನವರು ಬರುವ ಹೊತ್ತಿಗೇ ಕೂರುತ್ತೇವೆ. ಧ್ವನಿ ಬಿಡಿಸಿಕೊಳ್ಳಲು ಮೊದಲೇ ಅರ್ಧ ಗಂಟೆ ಅಕಾರ ಸಾಧನೆ, ಅಂದರೆ ‘ಆ’ ಎಂದು ಸ್ವರ ಹಾಡುವ ಅಭ್ಯಾಸ. ಒಳ್ಳೆಯ ಫೋನ್ ಒಂದು ಸಾಕು. ಮುಖ ಕಾಣಬೇಕು, ತಾಳ ಹಾಕುವ ಕೈ ಕಾಣಬೇಕು. ಈ ಕೈ ವಿಷಯ ಎಷ್ಟೋ ವಿಡಿಯೊಗಳಲ್ಲಿ ತಪ್ಪಿಹೋಗುತ್ತದೆ, ಸೊಂಟದ ಮೇಲೆ ಮಾತ್ರ ತೆಗೆದಿರುತ್ತಾರೆ. ಆ ಕೈ ಕಾಣದಿದ್ದರೆ ಹೊರಗಿನ ಕೇಳುಗನಿಗೆ ತಾಳದ ಗುಟ್ಟು ಹೇಗೆ ಗೊತ್ತಾಗಬೇಕು? ಶ್ರುತಿಪೆಟ್ಟಿಗೆ ಫೋನಿನಿಂದ ದೂರ ಇರಲಿ. ಮೃದಂಗ ಇದ್ದರೆ ಚೆನ್ನ, ಇಲ್ಲದಿದ್ದರೂ ನಡೆಯುತ್ತದೆ. ಪಿಟೀಲು, ಮೃದಂಗ, ಘಟ, ಹಿಂದೆ ಪರದೆ, ಮುಂದೆ ಹೂವು ಎಲ್ಲ ಸೇರಿದರೆ ಹಾಡುವ ಮಗು ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ.

ಸ್ಟುಡಿಯೊಗೆ ಹೋಗುವವರಿಗೆ ಒಂದು ಎಚ್ಚರಿಕೆ. ಒಬ್ಬಳು ವಿದ್ಯಾರ್ಥಿನಿ ಒಂದು ಸ್ಟುಡಿಯೊದಲ್ಲಿ ತೋಡಿ ರಾಗದ ಕೃತಿ ಹಾಡಿ ಬಂದಳು. ಅವರು ಒಳ್ಳೆಯ ಮನಸ್ಸಿನಿಂದಲೇ ಶ್ರುತಿ ತಿದ್ದುವ ಸಾಫ್ಟ್‌ವೇರ್ ಹಾಕಿ, ಪ್ರತಿಧ್ವನಿ ಸೇರಿಸಿ, ಫೈಲ್ ಕೊಟ್ಟಿದ್ದರು. ಕೇಳಿದರೆ ತೋಡಿಯೇ ಇಲ್ಲ. ತೋಡಿಯ ಗಾಂಧಾರ ಒಂದು ಜಾಗದಲ್ಲಿ ನಿಲ್ಲುವ ಸ್ವರವಲ್ಲ. ರಿಷಭದ ಕಡೆಯಿಂದ ಮಧ್ಯಮದ ಕಡೆಗೆ ತೂಗುತ್ತಾ ಇರುತ್ತದೆ. ಆ ತೂಗುವಿಕೆಯಲ್ಲೇ ರಾಗ ಇರುವುದು. ಸಾಫ್ಟ್‌ವೇರ್ ಅದನ್ನು ತಪ್ಪು ಶ್ರುತಿ ಎಂದು ತಿಳಿದು ಹಾರ್ಮೋನಿಯಂ ಮನೆಗಳಂತೆ ಒಂದೊಂದೇ ಸ್ಥಾನಕ್ಕೆ ಕೂರಿಸಿಬಿಟ್ಟಿತ್ತು. ಅದೃಷ್ಟಕ್ಕೆ ಮೂಲ ಫೈಲ್ ಉಳಿದಿತ್ತು. ಅದರಲ್ಲಿ ಚರಣದ ಹತ್ತಿರ ಅವಳ ಧ್ವನಿ ಒಂದು ಕಡೆ ಸ್ವಲ್ಪ ಒಡೆದಿತ್ತು. ಅದನ್ನೇ ಕಳುಹಿಸಿದೆವು. ಕತ್ತರಿಸಿ ಅಂಟಿಸುವ ಕೆಲಸ ಬೇಡ. ಒಂದೇ ಓಟಕ್ಕೆ ಹಾಡಿದ್ದು, ಒಂದೇ ಟೇಕ್, ಅಷ್ಟೇ ಇರಲಿ.

ಚಿತ್ರಕಲೆಯ ಕಡೆಯೂ ಇದೇ ತೊಂದರೆ ಎಂದು ಡ್ರಾಯಿಂಗ್ ಹೇಳಿಕೊಡುವ ನನ್ನ ಗೆಳತಿ ಹೇಳುತ್ತಾಳೆ. ಅವಳ ಮಕ್ಕಳು ಲೋಯರ್, ಹೈಯರ್ ಗ್ರೇಡ್ ಪರೀಕ್ಷೆ ಮುಗಿಸಿದವರು, ಕೈ ಹಿಡಿತ ಚೆನ್ನಾಗಿದೆ. ಆದರೆ ಪೋರ್ಟ್‌ಫೋಲಿಯೊ ಅಂದ ತಕ್ಷಣ ಫೋಟೊ ನೋಡಿ ಸಿನಿಮಾ ನಟರ ಪೆನ್ಸಿಲ್ ಚಿತ್ರ ಬಿಡಿಸಿಕೊಂಡು ಬರುತ್ತಾರೆ. ನೋಡುವವರಿಗೆ ಬೇಕಾದದ್ದು ಮಗು ತನ್ನ ಕಣ್ಣಿಂದ ಏನು ಕಂಡಿತು ಎನ್ನುವುದು. ಅವಳು ಮಕ್ಕಳನ್ನು ಭಾನುವಾರ ಬೆಳಿಗ್ಗೆ ಗಾಂಧಿ ಬಜಾರಿನ ಹೂವಿನ ಸಾಲಿಗೆ, ಲಾಲ್‌ಬಾಗಿನ ಬಂಡೆಯ ಮೇಲಕ್ಕೆ, ಕೆ.ಆರ್. ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ ಸ್ಕೆಚ್ ಮಾಡಿಸುತ್ತಾಳೆ. ವರ್ಷದ ಆ ಸ್ಕೆಚ್ ಪುಸ್ತಕದಿಂದಲೇ ಚಿತ್ರ ಆರಿಸುತ್ತಾಳೆ. ಇಲ್ಲಿನ ಡಿಸೈನ್ ಕಾಲೇಜುಗಳಿಗೂ ಅದು ಉಪಯೋಗಕ್ಕೆ ಬರುತ್ತದೆ. ಎನ್‌ಐಡಿ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್) ಪ್ರವೇಶದ ಎರಡನೇ ಸುತ್ತಿನ ಸ್ಟುಡಿಯೊ ಪರೀಕ್ಷೆಯಲ್ಲಿ ಎದುರಿಗೇ ಕೂತು ಮಾಡಬೇಕಲ್ಲ, ಅಲ್ಲಿ ಫೋಟೊ ನಕಲು ನಡೆಯುವುದಿಲ್ಲ. ಎಂಐಟಿಯಲ್ಲಂತೂ ಮೇಕರ್ ಪೋರ್ಟ್‌ಫೋಲಿಯೊ ಅಂತ ಒಂದಿದೆ. ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಆರಿಸಿ ತಂದು ಮನೆಯಲ್ಲೇ ಏನಾದರೂ ಕಟ್ಟುವ ಮಕ್ಕಳಿಗೆ ಅದು ಸರಿ.

ನೃತ್ಯದವರ ಒತ್ತಡ ನಮಗಿಂತ ಜಾಸ್ತಿ. ಹನ್ನೊಂದನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ರಂಗಪ್ರವೇಶ, ಅಂದರೆ ಒಬ್ಬಳೇ ವೇದಿಕೆಯೇರಿ ಕೊಡುವ ಮೊದಲ ಪೂರ್ಣ ಪ್ರದರ್ಶನ, ಮುಗಿಸಿಬಿಡಬೇಕು, ಅರ್ಜಿಗೆ ಬೇಕು ಎನ್ನುವ ಮಾತು ಈಗ ಸಾಮಾನ್ಯವಾಗಿದೆ. ರಂಗಪ್ರವೇಶದ ದಿನವನ್ನು ಗುರು ನೋಡಿ ಹೇಳಬೇಕು. ಅದನ್ನು ಗಡುವು ನೋಡಿ ಹೇಳುವಂತಾದರೆ ಮಗುವಿನ ಮಂಡಿಗೂ ಒಳ್ಳೆಯದಲ್ಲ, ನೃತ್ಯಕ್ಕೂ ಒಳ್ಳೆಯದಲ್ಲ.

ಇನ್ನು ಗುರುವಿನ ಪತ್ರ. ಕೆಲವು ಕಡೆ ಪೋರ್ಟ್‌ಫೋಲಿಯೊ ಜೊತೆ ಕಲೆ ಕಲಿಸಿದವರ ಪತ್ರವನ್ನೂ ಕಳುಹಿಸಬಹುದು. ಅಪ್ಪ ಅಮ್ಮಂದಿರು ಎಷ್ಟೋ ಸಲ ಪತ್ರ ತಾವೇ ಬರೆಸಿ ತರುತ್ತಾರೆ. ‘ಮೇಡಂ, ನಿಮಗೆ ತೊಂದರೆ ಬೇಡ ಅಂತ’ ಎನ್ನುತ್ತಾರೆ. ಅದರಲ್ಲಿ ನನ್ನ ಬಾಯಿಂದ ಎಂದೂ ಬರದ ಮಾತುಗಳು ಇರುತ್ತವೆ. ಅಪ್ರತಿಮ ಪ್ರತಿಭೆ, ತಲೆಮಾರಿಗೊಬ್ಬಳು, ಹೀಗೆ. ನಾನು ಅದಕ್ಕೆ ಸಹಿ ಹಾಕುವುದಿಲ್ಲ. ನನ್ನದೇ ಸರಳ ಇಂಗ್ಲಿಷಿನಲ್ಲಿ, ನಾನು ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ. ಕೃತಿಯ ಒಂದು ಸಂಗತಿಯನ್ನು, ಅಂದರೆ ಸಾಲನ್ನು ಬೆಳೆಸಿ ಹಾಡುವ ಒಂದು ಬಗೆಯನ್ನು, ಸರಿಪಡಿಸಲು ಅವಳು ಯುಗಾದಿಯಿಂದ ಆಷಾಢದವರೆಗೆ ಬೇಸರಿಸದೆ ಹಾಡಿದಳು. ಚಿಕ್ಕ ಮಕ್ಕಳ ಪಾಠದಲ್ಲಿ ಪಕ್ಕದಲ್ಲಿ ಕೂತು ತಾಳ ಹಿಡಿಸಿದಳು. ಚಾಮರಾಜಪೇಟೆಯ ರಾಮನವಮಿ ಕಛೇರಿಗಳಿಗೆ ಬಂದು ಕೊನೆಯ ಮಂಗಳದವರೆಗೂ ಕೂತಳು. ತಾನು ಶ್ರುತಿ ತಪ್ಪಿದ್ದು ನನಗಿಂತ ಮೊದಲು ಅವಳಿಗೇ ಗೊತ್ತಾಗುತ್ತದೆ. ಒಬ್ಬ ಹದಿನೇಳರ ಹುಡುಗಿಯ ಬಗ್ಗೆ ಇದಕ್ಕಿಂತ ದೊಡ್ಡ ಮಾತು ನನಗೆ ಗೊತ್ತಿಲ್ಲ. ಓದುವವರು ಕಲಿಸುವವರೇ ಆಗಿದ್ದರೆ ಅವರಿಗೂ ಇದರ ಬೆಲೆ ಗೊತ್ತಿರುತ್ತದೆ ಎಂದು ನನ್ನ ನಂಬಿಕೆ.

ಕಳುಹಿಸಬೇಡ ಎಂದು ನಾನೇ ಹೇಳಿದ ಮಕ್ಕಳೂ ಇದ್ದಾರೆ. ಚೆನ್ನಾಗಿ ಹಾಡುವವರೇ, ಆದರೆ ಎರಡು ವರ್ಷ ಪಾಠ ಬಿಟ್ಟು ಅರ್ಜಿಗೋಸ್ಕರ ವಾಪಸ್ ಬಂದವರು. ಧ್ವನಿಗೆ ಎರಡು ವರ್ಷದ ರಜೆ ಆಗಿರುತ್ತದೆ. ಅಂಥ ಹೊತ್ತಿನಲ್ಲಿ ಅವಸರದ ರೆಕಾರ್ಡಿಂಗ್ ಕಳುಹಿಸಿದರೆ ಉಳಿದ ಅರ್ಜಿಗೂ ಅದರಿಂದ ಸಹಾಯವಾಗುವುದಿಲ್ಲ. ಚಟುವಟಿಕೆಯ ಸಾಲಿನಲ್ಲಿ ಇಷ್ಟು ವರ್ಷ ಕಲಿತೆ ಎಂದು ಪ್ರಾಮಾಣಿಕವಾಗಿ ಬರೆದರೆ ಸಾಕು. ಅವರಲ್ಲಿ ಒಬ್ಬಳಿಗೆ ಹೀಗೆ ಹೇಳಿದಾಗ, “ಹಾಗಾದ್ರೆ ಪಾಠಕ್ಕೆ ಬರೋದು ಬೇಡ್ವಾ ಮಿಸ್?” ಎಂದು ಕೇಳಿದಳು. ಬಾ, ಇವತ್ತಿನಿಂದಲೇ ಬಾ, ಅಂದೆ. ಬಂದಳು. ಈಗ ಬೇರೆ ಊರಿನಲ್ಲಿ ಓದುತ್ತಿದ್ದಾಳೆ, ರಜೆಗೆ ಬಂದಾಗ ಎರಡು ಕೃತಿ ಕಲಿತು ಹೋಗುತ್ತಾಳೆ.

ಪೋಷಕರಲ್ಲಿ ನನ್ನದು ಒಂದೆರಡು ಕೋರಿಕೆ. ಮಗು ಅಮೆರಿಕಕ್ಕೆ ಹೋಗಲಿ, ಇಲ್ಲೇ ಆರ್.ವಿ. ರಸ್ತೆಯ ಕಾಲೇಜಿಗೆ ಹೋಗಲಿ, ಹತ್ತನೇ ಕ್ಲಾಸಿನಲ್ಲಿ ಪಾಠವನ್ನು ಪೂರ್ತಿ ನಿಲ್ಲಿಸಬೇಡಿ. ವಾರಕ್ಕೆ ಒಂದು ಗಂಟೆ ಬಿಡಿ, ಮನೆಯಲ್ಲಿ ಹದಿನೈದು ನಿಮಿಷ ಹಾಡಲಿ. ಪರೀಕ್ಷೆಯ ತಿಂಗಳಲ್ಲಿ ನಾನೇ ರಜೆ ಕೊಡುತ್ತೇನೆ. ಪೋರ್ಟ್‌ಫೋಲಿಯೊ ಕಳುಹಿಸುವ ಯೋಚನೆ ಇದ್ದರೆ ಜೂನ್‌ನಲ್ಲೇ ಹೇಳಿ. ಆಗ ಹೊಸತೇನೂ ಕಲಿಯುವ ಅವಸರ ಇರುವುದಿಲ್ಲ, ಇರುವುದರಲ್ಲೇ ಎರಡನ್ನು ಆರಿಸಿ ನಿಧಾನವಾಗಿ ಹದ ಮಾಡಬಹುದು. ಪತ್ರ ಬೇಕಿದ್ದರೆ ಮಗುವೇ ಬಂದು ಕೇಳಲಿ, ಬರೆದದ್ದನ್ನು ತರುವುದು ಬೇಡ. ರೆಕಾರ್ಡಿಂಗನ್ನು ಆಗಸ್ಟ್ ಮೊದಲ ವಾರದಲ್ಲಿ ಮುಗಿಸೋಣ, ಮೃದಂಗದವರ ಹತ್ತಿರ ನಾನು ಮಾತಾಡುತ್ತೇನೆ.